ಹತ್ತು ಸಾವಿರ ಡಾಲರಿಗೆ ನಾಲ್ಕು ಸ್ವರ

ನಾಟಕ ಕಂಪನಿಯ ಹಾರ್ಮೋನಿಯಂ ಮಾಸ್ತರನಿಗೆ ಒಂದು ದೊಡ್ಡ ಅನುಕೂಲವಿದೆ: ನಟ ಅವನಿಗಾಗಿ ಕಾಯುತ್ತಾನೆ. ಮಾತು ಮುಗಿಸಿ ಹಾಡಿಗೆ ಬರುವ ಮೊದಲು ಪೇಟಿಯ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾನೆ. ಸ್ವರ ಸಿಗದಿದ್ದರೆ ಇನ್ನೊಂದೆರಡು ಮಾತು ಸೇರಿಸಿ ಎಳೆಯುತ್ತಾನೆ. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತು ಬಿದ್ದವನೂ ಎದ್ದು ಕುಳಿತು ಮತ್ತೊಮ್ಮೆ ಹಾಡಿ ಸಾಯುತ್ತಾನೆ. ಮೂಕಿ ಚಿತ್ರದಲ್ಲಿ ಈ ಯಾವ ಸೌಲಭ್ಯವೂ ಇಲ್ಲ. 1915ರಲ್ಲಿ ಕ್ಯಾಮೆರಾದ ಮುಂದೆ ನಡೆದದ್ದು ನಡೆದುಹೋಗಿದೆ. ನನ್ನ ಬೆರಳು ಒಂದು ಸ್ವರದಷ್ಟು ತಡವಾದರೆ ಪರದೆಯ ಮೇಲೆ ಗುಂಡು ಹಾರಿಯೇ ಬಿಟ್ಟಿರುತ್ತದೆ.

ನಮ್ಮ ಭಾಗದ ಚಿತ್ರ ಸಮಾಜವೊಂದು ಅಮೆರಿಕದ ಸೆಸಿಲ್ ಬಿ. ಡಿಮಿಲ್ 1915ರಲ್ಲಿ ನಿರ್ದೇಶಿಸಿದ ‘ದಿ ಚೀಟ್’ ಎಂಬ ಮೂಕಿ ಚಿತ್ರವನ್ನು ಧಾರವಾಡದ ಕಾಲೇಜೊಂದರ ಸಭಾಂಗಣದಲ್ಲಿ ತೋರಿಸುವುದಿತ್ತು. ಪರದೆಯ ಪಕ್ಕದಲ್ಲಿ ಕುಳಿತು ಸಂಗೀತ ಕೊಡುತ್ತೀರಾ ಎಂದು ಕೇಳಿದರು. ಕಥೆ ಹೇಳಿ, ಆಮೇಲೆ ನೋಡೋಣ ಎಂದೆ. ಹೇಳಿದರು. ಒಪ್ಪಿಕೊಂಡೆ. ಸಾಲ, ಮನೆತನದ ಮಾನ, ಗಂಡನಿಗೆ ತಿಳಿಯದ ಹಾಗೆ ಹೆಂಡತಿ ಮಾಡಿಕೊಂಡ ವ್ಯವಹಾರ, ಸಾಲ ಕೊಟ್ಟವನ ಕಣ್ಣು, ಕೊನೆಗೆ ಕಟಕಟೆ. ಕಂಪನಿಗಳ ಸಾಮಾಜಿಕ ನಾಟಕಗಳಿಗೆ ನುಡಿಸುತ್ತ ಬಂದವನಿಗೆ ಇದರಲ್ಲಿ ಅಪರಿಚಿತವಾದದ್ದು ಊರಿನ ಹೆಸರು ಮಾತ್ರ.

ಊರು ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡ್. ರಿಚರ್ಡ್ ಹಾರ್ಡಿ ಶೇರು ವ್ಯವಹಾರದವನು. ಇದ್ದಬಿದ್ದ ಹಣವನ್ನೆಲ್ಲ ಒಂದೇ ಕಡೆ ಹೂಡಿ, ಫಲ ಬರುವ ತನಕ ಸ್ವಲ್ಪ ಕೈ ಬಿಗಿ ಹಿಡಿ ಎಂದು ಹೆಂಡತಿ ಈಡಿತ್‌ಗೆ ಹೇಳುತ್ತಾನೆ. ಅವಳಿಗೆ ಹೊಸ ಉಡುಪು, ಔತಣ ಕೂಟ, ನಾಲ್ಕು ಜನರ ನಡುವಿನ ಪ್ರತಿಷ್ಠೆ ಯಾವುದನ್ನೂ ಬಿಡಲಾಗದು. ಯುದ್ಧದಿಂದ ದಿಕ್ಕೆಟ್ಟ ಬೆಲ್ಜಿಯಂ ಜನರಿಗಾಗಿ ರೆಡ್ ಕ್ರಾಸ್ ಕೂಡಿಸಿದ 10,000 ಡಾಲರ್ ಅವಳ ವಶದಲ್ಲಿದೆ, ಏಕೆಂದರೆ ನಿಧಿಯ ಖಜಾಂಚಿ ಅವಳೇ. ಒಂದೇ ದಿನದಲ್ಲಿ ದುಪ್ಪಟ್ಟಾಗುತ್ತದೆ ಎಂಬ ಪರಿಚಿತನೊಬ್ಬನ ಮಾತು ನಂಬಿ ಅದನ್ನು ಶೇರಿಗೆ ಹಾಕುತ್ತಾಳೆ. ಹಣ ಮುಳುಗುತ್ತದೆ. ಅದೇ ವಲಯದಲ್ಲಿ ಓಡಾಡುವ ಏಷ್ಯಾದ ಸಿರಿವಂತ ಟೋರಿ ಚೆಕ್ ಬರೆದುಕೊಡುತ್ತಾನೆ. ಅದಕ್ಕೆ ಪ್ರತಿಯಾಗಿ ಏನು ಕೇಳುತ್ತಾನೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮರುದಿನ ಗಂಡನ ಹೂಡಿಕೆ ಫಲಿಸುತ್ತದೆ. ಇಸ್ಪೀಟಿನಲ್ಲಿ ಸೋತೆ ಎಂದು ಸುಳ್ಳು ಹೇಳಿ ಅವನಿಂದ ಅಷ್ಟೇ ಮೊತ್ತದ ಚೆಕ್ ಪಡೆದು ಅವಳು ಸಾಲ ತೀರಿಸಲು ಹೋಗುತ್ತಾಳೆ. ಟೋರಿ ಹಣ ಬೇಡ ಎನ್ನುತ್ತಾನೆ. ತನ್ನ ವಸ್ತುಗಳ ಮೇಲೆ ಒತ್ತುವ ಕಾದ ಮುದ್ರೆಯನ್ನೇ ಅವಳ ಹೆಗಲಿಗೆ ಒತ್ತುತ್ತಾನೆ. ಅವಳು ಗುಂಡು ಹಾರಿಸುತ್ತಾಳೆ. ಗಂಡ ಆರೋಪವನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ.

ಆ ಕಾಲದ ವಿನಿಮಯ ದರದಲ್ಲಿ 10,000 ಡಾಲರ್ ಎಂದರೆ ನಮ್ಮ ಸುಮಾರು 31,000 ರೂಪಾಯಿ. ಇಡೀ ಚಿತ್ರಕ್ಕೆ ತಗುಲಿದ ಖರ್ಚೇ ಸುಮಾರು 17,000 ಡಾಲರ್ ಎಂದರೆ ಈಡಿತ್ ಕಳೆದ ಗಂಟು ಎಷ್ಟು ದೊಡ್ಡದು ಎಂಬುದು ಗೊತ್ತಾಗುತ್ತದೆ.

ಮೊದಲ ಕೆಲಸ ಪ್ರತಿಯನ್ನು ಆರಿಸುವುದು. ಮೂಕಿ ಚಿತ್ರಕ್ಕೆ ಹೊಸದಾಗಿ ನುಡಿಸುವ ಎಲ್ಲರೂ ಇಲ್ಲಿ ಅವಸರ ಮಾಡುತ್ತಾರೆ. ಅಂತರ್ಜಾಲದಲ್ಲಿ ಮೊದಲು ಸಿಕ್ಕದ್ದನ್ನು ಇಳಿಸಿಕೊಂಡು ಅಭ್ಯಾಸಕ್ಕೆ ಕೂರುತ್ತಾರೆ. ಆ ದಿನಗಳಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 24 ಚೌಕಟ್ಟು ಎಂಬ ನಿಯಮ ಬಂದದ್ದು ಮಾತಿನ ಚಿತ್ರಗಳ ಜೊತೆಗೆ. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಗೆ 16 ಚೌಕಟ್ಟುಗಳು. ಸಾವಿರ ಅಡಿಯ ಒಂದು ರೀಲು 16ರ ವೇಗದಲ್ಲಿ ಓಡಿದರೆ ಹದಿನಾರೂವರೆ ನಿಮಿಷ ದಾಟುತ್ತದೆ, 24ರಲ್ಲಿ ಓಡಿದರೆ ಹನ್ನೊಂದು ಚಿಲ್ಲರೆ ನಿಮಿಷದಲ್ಲಿ ಮುಗಿದುಹೋಗುತ್ತದೆ. ಐದು ರೀಲಿನ ಈ ಚಿತ್ರಕ್ಕೆ ವೇಗ ತಪ್ಪಿದರೆ ಈಡಿತ್ ಅಳುವುದು ಕೂಡ ನಗೆಪಾಟಲಾಗುತ್ತದೆ. ನಾನು ನೋಡಿದ ಪ್ರತಿಗಳಲ್ಲಿ ಒಂದು ಗಂಟೆಗೆ ಹತ್ತಿರ ಓಡುವುದನ್ನು ಆರಿಸಿದೆ. ಪಾತ್ರಗಳು ಮೆಟ್ಟಿಲು ಇಳಿಯುವ ರೀತಿ ನೋಡಿದರೆ ಸಾಕು, ವೇಗ ಸರಿಯಿದೆಯೇ ಇಲ್ಲವೇ ತಿಳಿಯುತ್ತದೆ. ಯಂತ್ರದ ಬೊಂಬೆ ಇಳಿದ ಹಾಗೆ ಕಂಡರೆ ಆ ಪ್ರತಿ ಬೇಡ. ಪ್ರತಿಗೆ ಯಾರೋ ಅಂಟಿಸಿದ ಪಿಯಾನೋ ಸಂಗೀತ ಇದ್ದರೆ ಅದನ್ನು ಮೊದಲ ದಿನವೇ ಮುಚ್ಚಿಬಿಡಬೇಕು. ಒಮ್ಮೆ ಕಿವಿಗೆ ಬಿದ್ದರೆ ನಮ್ಮ ಬೆರಳು ಅದನ್ನೇ ಹುಡುಕುತ್ತದೆ.

ಎರಡನೆಯದು ವಾದ್ಯ. ಕೈಪೇಟಿಯಲ್ಲಿ ಒಂದು ಕೈ ತಿದಿಗೇ ಹೋಗುತ್ತದೆ. ಹೀಗಾಗಿ ಕಂಪನಿಯ ಕಾಲದ, ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ ತರಿಸಿಕೊಂಡೆ. ಎರಡೂ ಕೈ ಬಿಡುವಾಗುತ್ತದೆ: ಎಡಗೈಯಲ್ಲಿ ಷಡ್ಜ ಪಂಚಮ ಹಿಡಿದು ಬಲಗೈಯಲ್ಲಿ ಸ್ವರ ನಡೆಸಬಹುದು. ಪಿಯಾನೋದ ಸ್ವರ ಒತ್ತಿದ ಕ್ಷಣದಿಂದ ಕುಂದುತ್ತಲೇ ಹೋಗುತ್ತದೆ. ಪೇಟಿಯ ಸ್ವರವನ್ನು ಬೆರಳು ಕದಲಿಸದೆ, ಬರೀ ಕಾಲಿನ ಒತ್ತಡದಿಂದ ಉಬ್ಬಿಸಬಹುದು, ಇಳಿಸಬಹುದು. ಮುಖವೊಂದು ಪರದೆ ತುಂಬ ನಿಂತಾಗ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಪೆಡಲಿನ ಕಿರುಗುಟ್ಟುವಿಕೆಗೆ ಎಣ್ಣೆ ಬಿಟ್ಟು, ಕೆಳಗೆ ಕಂಬಳಿ ಹಾಸಿದೆ. ಜೊತೆಗೆ ತಬಲಾ ಒಂದೇ. ನಮ್ಮ ದೇಶದಲ್ಲಿ ಮೂಕಿ ಚಿತ್ರ ನಡೆಯುತ್ತಿದ್ದ ಕಾಲದಲ್ಲೂ ಪರದೆಯ ಮುಂದೆ ಕೂರುತ್ತಿದ್ದದ್ದು ಹೆಚ್ಚಾಗಿ ಈ ಜೋಡಿಯೇ.

ಇನ್ನು ಏನು ನುಡಿಸುವುದು?

ಅಮೆರಿಕದಲ್ಲಿ ಇದಕ್ಕೆ ಸಿದ್ಧ ಉತ್ತರವಿತ್ತು. 1909ರಷ್ಟು ಹಿಂದೆಯೇ ಎಡಿಸನ್ ಕಂಪನಿ ತನ್ನ ಚಿತ್ರಗಳಿಗೆ ಯಾವ ದೃಶ್ಯಕ್ಕೆ ಯಾವ ಬಗೆಯ ಸಂಗೀತ ಎಂದು ಸಲಹೆಗಳನ್ನು ಅಚ್ಚು ಹಾಕಿ ಕಳಿಸುತ್ತಿತ್ತು. ಮುಂದೆ ಇದು ಒಂದು ಉದ್ಯಮವೇ ಆಯಿತು: ಗಾಬರಿಗೆ ಒಂದು ತುಣುಕು, ಓಟಕ್ಕೆ ಒಂದು, ಪ್ರೇಮಕ್ಕೆ ಒಂದು, ಕಳ್ಳ ಹೆಜ್ಜೆಗೆ ಒಂದು. ನಮ್ಮ ಕಂಪನಿಗಳಲ್ಲೂ ಬೇರೆ ಏನಿರಲಿಲ್ಲ. ಖಳನ ಪ್ರವೇಶಕ್ಕೆ ಒಂದು ಮಟ್ಟು, ಹಾಸ್ಯದವನಿಗೆ ಒಂದು, ಸತಿಗೆ ಒಂದು. ಪಾತ್ರಕ್ಕೊಂದು ಸ್ವರ ಕಟ್ಟಿದರೆ ಮಾಸ್ತರನ ಕೆಲಸ ಸಲೀಸು. ಬಂದವರ ಮುಖ ನೋಡಿ ನುಡಿಸಿದರಾಯಿತು.

ಚಿತ್ರವನ್ನು ಧ್ವನಿಯಿಲ್ಲದೆ ಮತ್ತೆ ಮತ್ತೆ ನೋಡಿದಾಗ ನನಗೆ ಕಂಡದ್ದು ಬೇರೆ. ಈ ಕಥೆಯನ್ನು ನಡೆಸುವವರು ಈಡಿತ್ ಅಲ್ಲ, ಹಾರ್ಡಿ ಅಲ್ಲ, ಟೋರಿಯೂ ಅಲ್ಲ. ನಡೆಸುವುದು ಆ ಹತ್ತು ಸಾವಿರ. ಅದು ಎಲ್ಲಿದೆ, ಯಾರ ಕೈಗೆ ಹೋಯಿತು, ಯಾವ ರೂಪದಲ್ಲಿ ಮರಳಿತು ಎಂಬುದನ್ನು ಹಿಡಿದು ಹೋದರೆ ಇಡೀ ಚಿತ್ರ ಕೈಗೆ ಬರುತ್ತದೆ. ಪ್ರೇಮವೂ ಮಾನವೂ ಅದರ ಹಿಂದೆ ಓಡುತ್ತವೆ. ಹಾಗಾಗಿ ಸ್ವರವನ್ನು ಹಣಕ್ಕೇ ಕಟ್ಟಿದೆ.

ಅದಕ್ಕೆ ಆರಿಸಿದ್ದು ನಾಲ್ಕು ಸ್ವರ: ಭೀಮಪಲಾಸಿ ರಾಗದ ನಿ ಸ ಗ ಮ. ನಿಷಾದ ಮತ್ತು ಗಾಂಧಾರ ಕೋಮಲ, ಮಧ್ಯಮದಲ್ಲಿ ನಿಲುಗಡೆ. ಈ ರಾಗದಲ್ಲಿ ಮಧ್ಯಮವೇ ವಾದಿ, ಅಂದರೆ ಮುಖ್ಯ ಸ್ವರ. ಅಲ್ಲಿ ನಿಂತರೆ ತಪ್ಪೇನಿಲ್ಲ, ಆದರೆ ಮುಗಿಯಿತು ಎಂದೂ ಅನ್ನಿಸುವುದಿಲ್ಲ. ಕಿವಿ ಪಂಚಮಕ್ಕೆ ಕಾಯುತ್ತದೆ. ರೆಡ್ ಕ್ರಾಸ್ ನಿಧಿ ಮೊದಲ ಬಾರಿ ಪರದೆಗೆ ಬಂದಾಗ ಇದನ್ನು ನಿಧಾನವಾಗಿ, ಸಭ್ಯವಾಗಿ, ದೇಣಿಗೆ ಕೂಡಿಸುವವರ ಗಾಂಭೀರ್ಯದಲ್ಲಿ ನುಡಿಸಿದೆ. ಈಡಿತ್ ಹಣವನ್ನು ಶೇರಿಗೆ ಹಾಕಲು ಒಪ್ಪುವಾಗ ಅದೇ ನಾಲ್ಕು ಸ್ವರ ಕೆಹರವಾ ತಾಳದ ನಡೆಯಲ್ಲಿ, ಚುರುಕಾಗಿ. ಹಣ ಮುಳುಗಿದ ಸುದ್ದಿ ಬರುವಾಗ ನಿಷಾದವನ್ನು ಶುದ್ಧ ಮಾಡಿ ಮಧ್ಯಮವನ್ನು ತೀವ್ರಕ್ಕೆ ಏರಿಸಿದೆ. ಅಷ್ಟಕ್ಕೇ ಭೀಮಪಲಾಸಿ ಮುಲ್ತಾನಿಯ ಅಂಗಳಕ್ಕೆ ಬಂದು ನಿಲ್ಲುತ್ತದೆ. ಎರಡೂ ಮಧ್ಯಾಹ್ನದ ರಾಗಗಳು. ಎರಡರ ಆರೋಹದಲ್ಲೂ ರಿಷಭ, ಧೈವತಗಳಿಲ್ಲ. ಆಕಾರ ಅದೇ, ರುಚಿ ಪೂರ್ತಿ ಕೆಟ್ಟಿರುತ್ತದೆ. ರಾಗದ ಹೆಸರು ತಿಳಿಯದ ವಿದ್ಯಾರ್ಥಿಗಳು ಕೂಡ ಪೂರ್ವಾಭ್ಯಾಸದಲ್ಲಿ ಅದೇ ಜಾಗದಲ್ಲಿ ಮುಖ ಗಂಟಿಕ್ಕಿದ್ದನ್ನು ನೋಡಿ ಇದು ನಡೆಯುತ್ತದೆ ಎಂಬ ಧೈರ್ಯ ಬಂತು.

ಟೋರಿ ಚೆಕ್ಕಿಗೆ ಸಹಿ ಹಾಕುವಾಗ ಮಾತ್ರ ನುಡಿಯನ್ನು ಪೂರ್ತಿ ಮಾಡುತ್ತೇನೆ: ನಿ ಸ ಗ ಮ, ಪ ಮ ಗ ರಿ ಸ. ಲೆಕ್ಕ ಸರಿಹೋಯಿತು ಎಂದು ಈಡಿತ್‌ಗೆ ಅನ್ನಿಸುವ ಕ್ಷಣ ಅದು. ಕೇಳುವವರಿಗೂ ಹಾಗೆಯೇ ಅನ್ನಿಸಲಿ.

ಟೋರಿಯ ಪಾತ್ರದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಲೇಬೇಕು, ಏಕೆಂದರೆ ಈ ಚಿತ್ರಕ್ಕೆ ನುಡಿಸುವವರ ಪರೀಕ್ಷೆ ಇರುವುದು ಅಲ್ಲಿ. ಜಪಾನಿನಲ್ಲಿ ಹುಟ್ಟಿದ ಸೆಸ್ಸು ಹಯಕಾವಾ ಈ ಪಾತ್ರ ಮಾಡಿದ್ದು. ಇದರಿಂದಲೇ ಅವರು ದೊಡ್ಡ ತಾರೆಯಾದರು. ಚಿತ್ರ ಫ್ರಾನ್ಸಿಗೆ ಹೋದಾಗ ಕೊಲೆಟ್ ಅಂತಹ ಲೇಖಕಿ ಮೆಚ್ಚಿ ಬರೆದರು. 1921ರಲ್ಲಿ ಪ್ಯಾರಿಸ್ಸಿನಲ್ಲಿ ಇದೇ ಕಥೆ ಆಪೆರಾ ಆಯಿತು. ಚಿತ್ರವೊಂದು ಆಪೆರಾ ಆದದ್ದು ನನ್ನಂಥವನಿಗೆ ಖುಷಿಯ ಸುದ್ದಿ, ಆದರೆ ಅದರ ಸಂಗೀತವನ್ನು ಹುಡುಕಲು ಹೋಗಲಿಲ್ಲ. ಹಯಕಾವಾ ಮುಖವನ್ನು ಹೆಚ್ಚು ಅಲುಗಿಸುವುದಿಲ್ಲ. ಅವರ ಎದುರಿಗೆ ಈಡಿತ್ ಆಗಿರುವ ಫ್ಯಾನಿ ವಾರ್ಡ್ ತೋಳು ಬೀಸಿ, ಕಣ್ಣು ಅರಳಿಸಿ, ಆ ಕಾಲದ ರಂಗಭೂಮಿಯ ಪದ್ಧತಿಯಲ್ಲಿ ಅಭಿನಯಿಸುತ್ತಾರೆ. ಒಂದೇ ಚೌಕಟ್ಟಿನಲ್ಲಿ ಎರಡು ಶತಮಾನಗಳ ನಟನೆ ಎಂದರೂ ನಡೆದೀತು. ಅವರ ಕೈ ಬೀಸಿಗೆ ನಾನೂ ಸ್ವರ ಬೀಸಿದರೆ ಸಭೆ ನಗುತ್ತದೆ. ಅವರು ಅಬ್ಬರಿಸಿದಾಗ ನಾನು ಇಳಿಯಬೇಕು. ಇದು ನಾಟಕದ ಮಾಸ್ತರನಿಗೆ ಕಷ್ಟದ ಶಿಸ್ತು. ಅಲ್ಲಿ ನಟನ ಏರಿಗೆ ಏರು ಕೊಡುವುದೇ ಕಸುಬು.

ಏಷ್ಯಾದವನೊಬ್ಬ ಪರದೆಗೆ ಬಂದ ಕೂಡಲೇ ಅಮೆರಿಕದ ಚಿತ್ರಮಂದಿರಗಳಲ್ಲಿ ಐದು ಸ್ವರಗಳ ‘ಪೌರ್ವಾತ್ಯ’ ಮಟ್ಟೊಂದನ್ನು ಬಾರಿಸುವುದು ಆಗ ರೂಢಿಯಾಗಿತ್ತು. ನಮ್ಮ ಕಿವಿಗೆ ಇದು ತಮಾಷೆಯ ವಿಷಯ. ಐದು ಸ್ವರ ಎಂದರೆ ನಮಗೆ ಭೂಪ್, ಕರ್ನಾಟಕ ಪದ್ಧತಿಯವರಿಗೆ ಮೋಹನ: ಮಕ್ಕಳಿಗೆ ಮೊದಮೊದಲು ಕಲಿಸುವ ಗೀತೆಯ ರಾಗ. ಅದನ್ನು ನುಡಿಸಿದರೆ ಧಾರವಾಡದ ಸಭೆಯಲ್ಲಿ ಯಾರೂ ಬೆಚ್ಚುವುದಿಲ್ಲ. ಸಂಗೀತ ಶಾಲೆಯ ನೆನಪಾಗಿ ತಲೆದೂಗಿಯಾರು. ಹೆಸರು ಟೋರಿ ಎಂದೊಡನೆ ನಮ್ಮ ತಬಲಾದವರು, “ಹಾಗಾದರೆ ತೋಡಿ ನುಡಿಸಿ ಮುಗಿಸಿಬಿಡಿ ಮಾಸ್ತರರೇ” ಎಂದು ನಕ್ಕರು. ನಾನು ಅವನಿಗೆ ಬೇರೆ ರಾಗ ಕೊಡಲೇ ಇಲ್ಲ. ಅವನು ಸಾಲ ಕೊಟ್ಟವನು, ಹಣದ ಸ್ವರಗಳು ಅವನ ಬಳಿ ಇರುವಾಗ ಅವು ಅವನವು. ಅಷ್ಟೇ.

ಮೊದಲ ದೃಶ್ಯದಲ್ಲೇ ಅವನಿದ್ದಾನೆ. ಕತ್ತಲ ಕೋಣೆ, ಕೆಂಡದ ಅಗ್ಗಿಷ್ಟಿಕೆ, ಕೆಳಗಿನಿಂದ ಬಿದ್ದ ಬೆಳಕು. ತನ್ನ ಸಂಗ್ರಹದ ವಸ್ತುವೊಂದಕ್ಕೆ ಕಾದ ಮುದ್ರೆ ಒತ್ತುತ್ತಾನೆ. ಇಲ್ಲಿ ಭಯದ ಸಂಗೀತ ಹಾಕುವುದು ಸುಲಭ. ಹಾಕಿದರೆ ಮುಂದೆ ಏನಾಗುತ್ತದೆ ಎಂಬ ಗುಟ್ಟನ್ನು ನಾವೇ ರಟ್ಟು ಮಾಡಿದ ಹಾಗೆ. ಒಬ್ಬ ಕಲಾಸಕ್ತ ತನ್ನ ವಸ್ತುವಿಗೆ ಗುರುತು ಹಾಕುತ್ತಿದ್ದಾನೆ, ಅದರಲ್ಲೇನಿದೆ? ತಬಲಾದವರಿಗೆ ಡಗ್ಗಾದ (ಎಡಗೈಯ ದೊಡ್ಡ ವಾದ್ಯದ) ಮೇಲೆ ಒಂದು ಮೆತ್ತನೆಯ ಪೆಟ್ಟು ಹಾಕಿ ಅಂಗೈಯಿಂದ ಜಾರಿಸಲು ಹೇಳಿದೆ. ಆ ಪೆಟ್ಟನ್ನು ಚಿತ್ರದಲ್ಲಿ ಬೇರೆಲ್ಲೂ ಬಳಸಬೇಡಿ, ಕೈ ತಪ್ಪಿ ಕೂಡ ಬೀಳಕೂಡದು ಎಂದು ಒಪ್ಪಂದ ಮಾಡಿಕೊಂಡೆವು. ಮುಕ್ಕಾಲು ಗಂಟೆ ಡಗ್ಗಾವನ್ನು ಹಾಗೆ ಕಟ್ಟಿಹಾಕಿ ನುಡಿಸುವುದು ಎಷ್ಟು ಹಿಂಸೆ ಎಂದು ತಬಲಾ ಬಲ್ಲವರಿಗೆ ಗೊತ್ತು. ಈಡಿತ್‌ಳ ಹೆಗಲಿಗೆ ಮುದ್ರೆ ಬೀಳುವಾಗ ಅದೇ ಪೆಟ್ಟು, ಅದೇ ಜಾರಿಕೆ, ಅದಕ್ಕಿಂತ ಜೋರಾಗಿ ಅಲ್ಲ. ಸಭೆಗೆ ಮೊದಲ ದೃಶ್ಯ ಆಗ ಅರ್ಥವಾಗುತ್ತದೆ.

ಟೋರಿಯ ಹೆಸರಿನದೊಂದು ಕಥೆ ಇದೆ. 1915ರ ಚಿತ್ರದಲ್ಲಿ ಅವನು ಜಪಾನಿನವನು, ಹಿಶುರು ಟೋರಿ. ಕ್ಯಾಲಿಫೋರ್ನಿಯಾದ ಜಪಾನಿ ಜನ ಪ್ರತಿಭಟಿಸಿದರು. ಮೊದಲ ಮಹಾಯುದ್ಧದಲ್ಲಿ ಜಪಾನ್ ಮಿತ್ರಪಕ್ಷದಲ್ಲಿತ್ತು. 1918ರಲ್ಲಿ ಚಿತ್ರವನ್ನು ಮತ್ತೆ ಬಿಡುಗಡೆ ಮಾಡುವಾಗ ದೃಶ್ಯಗಳ ನಡುವೆ ಬರುವ ಬರಹದ ಟೈಟಲ್ ಕಾರ್ಡುಗಳನ್ನು ಬದಲಿಸಿ ಅವನನ್ನು ಬರ್ಮಾದ ದಂತದ ದೊರೆ ಹಾಕಾ ಅರಕಾವ್ ಎಂದು ಮಾಡಿಬಿಟ್ಟರು. ಜಾರುವ ಕಾಗದದ ಬಾಗಿಲು, ಮನೆ, ಉಡುಪು ಎಲ್ಲ ಜಪಾನಿನದೇ, ಹೆಸರು ಮಾತ್ರ ಬರ್ಮಾದ್ದು. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯ. ಅಂದರೆ ಕಾಗದದ ಮೇಲೆ ಅವನು ನಮ್ಮ ಅಜ್ಜಂದಿರ ಹಾಗೆ ಅದೇ ಚಕ್ರವರ್ತಿಯ ಪ್ರಜೆ. ಅಮೆರಿಕದಲ್ಲಿ ತಕರಾರು ಎತ್ತುವಷ್ಟು ಬರ್ಮಾದವರು ಇರಲಿಲ್ಲ, ಹಾಗಾಗಿ ಅವರ ತಲೆಗೆ ಕಟ್ಟಿದರು ಎಂದು ನನ್ನ ಊಹೆ. ಈಗ ಸಿಗುವ ಪ್ರತಿಗಳಲ್ಲಿ ಇರುವುದು ಈ ಬದಲಾದ ಕಾರ್ಡುಗಳೇ. ಪ್ರದರ್ಶನಕ್ಕೆ ಮೊದಲು ಸಂಘಟಕರು ಇದನ್ನು ಸಭೆಗೆ ವಿವರಿಸಿದರು. ನಾವು ಎಲ್ಲೆಡೆ ಟೋರಿ ಎಂದೇ ಕರೆದೆವು.

ಕಾರ್ಡುಗಳು ಇಂಗ್ಲಿಷಿನಲ್ಲಿವೆ. ಸಭೆಯಲ್ಲಿ ಹಿರಿಯರು, ಸುತ್ತಲಿನ ಹಳ್ಳಿಗಳಿಂದ ಬಂದವರು ಇರುತ್ತಾರೆ ಎಂದು ನಿವೃತ್ತ ಶಿಕ್ಷಕಿಯೊಬ್ಬರು ಮೈಕಿನಲ್ಲಿ ಕನ್ನಡದಲ್ಲಿ ಓದುವ ವ್ಯವಸ್ಥೆಯಾಯಿತು. ಅವರಿಗೆ ನಾನು ಕೇಳಿಕೊಂಡದ್ದು ಒಂದೇ: ಅಭಿನಯಿಸಬೇಡಿ ಬಾಯಿಯವರೇ, ಹಾಜರಿ ಪುಸ್ತಕ ಓದುವ ಧ್ವನಿಯಲ್ಲಿ ಓದಿ. ಅವರು ಹಾಗೆಯೇ ಓದಿದರು, ಬಹಳ ಚೆನ್ನಾಗಿ ಬಂತು. ಕಾರ್ಡು ಬರುವಾಗ ತಬಲಾ ನಿಲ್ಲುತ್ತದೆ, ಪೇಟಿ ಬರೀ ಷಡ್ಜಕ್ಕೆ ಇಳಿಯುತ್ತದೆ. ಇದಕ್ಕಾಗಿ ಉದ್ದನೆಯ ಹಾಳೆಯೊಂದರಲ್ಲಿ ನಿಮಿಷ, ದೃಶ್ಯ, ಕಾರ್ಡು, ಸ್ವರ ಎಂದು ನಾಲ್ಕು ಸಾಲು ಹಾಕಿಕೊಂಡಿದ್ದೆ. ನಿಮಿಷದ ಸಾಲು ಪೂರ್ವಾಭ್ಯಾಸಕ್ಕೆ ಮಾತ್ರ. ಪ್ರದರ್ಶನದಲ್ಲಿ ಗಡಿಯಾರ ನೋಡುವವನಿಗೆ ಪರದೆ ತಪ್ಪುತ್ತದೆ. ಪ್ರತಿ ದೃಶ್ಯಕ್ಕೂ ‘ಇದಾದ ಮೇಲೆ ಇದು’ ಎಂದು ಕಣ್ಣಿಗೆ ಸಿಗುವ ಒಂದು ಸೂಚನೆ ಬರೆದುಕೊಳ್ಳಬೇಕು: ಟೋರಿ ಪೆನ್ನು ಎತ್ತಿದ, ಹಾರ್ಡಿ ಟೊಪ್ಪಿಗೆ ತೆಗೆದ, ಬಾಗಿಲು ಸರಿಯಿತು. ಹಾಳೆಗೆ ಬೀಳುವ ದೀಪದ ಬೆಳಕು ಪರದೆಗೆ ತಾಗದಂತೆ ಹಿತ್ತಾಳೆ ತಟ್ಟೆಯೊಂದನ್ನು ಅಡ್ಡ ಇಟ್ಟೆವು.

ಬೆಳಕಿನ ಮಾತು ಬಂತು. ಛಾಯಾಗ್ರಾಹಕ ಆಲ್ವಿನ್ ವೈಕಾಫ್, ಕಲಾ ನಿರ್ದೇಶಕ ವಿಲ್ಫ್ರೆಡ್ ಬಕ್‌ಲ್ಯಾಂಡ್. ಬಕ್‌ಲ್ಯಾಂಡ್ ನ್ಯೂಯಾರ್ಕಿನ ರಂಗಭೂಮಿಯಲ್ಲಿ ಪಳಗಿ ಬಂದವರು. ಒಂದೇ ಕಡೆಯಿಂದ ಬೆಳಕು ಬಿಟ್ಟು ಮುಖದ ಅರ್ಧವನ್ನು ಕತ್ತಲಲ್ಲಿ ಉಳಿಸುವ ಈ ಪದ್ಧತಿ ಕಂಡು ಚಿತ್ರ ಕಂಪನಿಯ ನ್ಯೂಯಾರ್ಕ್ ಕಚೇರಿಯವರು, ಅರ್ಧ ನಟನನ್ನು ತೋರಿಸಿದರೆ ಚಿತ್ರಮಂದಿರದವರು ಅರ್ಧ ಹಣ ಕೊಡುತ್ತಾರೆ ಎಂದು ಗೊಣಗಿದರಂತೆ. ಇದು ಹಳೆಯ ಚಿತ್ರಕಾರ ರೆಂಬ್ರಾಂಟ್‌ನ ಬೆಳಕು ಎಂದು ಡಿಮಿಲ್ ಹೇಳಿದ ಮೇಲೆ ಅದನ್ನೇ ಹೇಳಿಕೊಂಡು ಹೆಚ್ಚು ಹಣಕ್ಕೆ ಮಾರಿದರಂತೆ. ಡಿಮಿಲ್ ತಾವೇ ಹೇಳಿಕೊಳ್ಳುತ್ತಿದ್ದ ಕಥೆ ಇದು, ಇನ್ನೊಂದು ಚಿತ್ರದ ಸಂದರ್ಭದ್ದು. ನನಗೆ ಇದರಿಂದ ಸಿಕ್ಕ ನಿಯಮ ಸರಳ: ಪರದೆಯಲ್ಲಿ ಕತ್ತಲು ಹೆಚ್ಚಿದ್ದಲ್ಲಿ ಸ್ವರ ಕಡಿಮೆ. ಸೆರೆಮನೆಯಲ್ಲಿ ಕಂಬಿಗಳ ನೆರಳು ಹಾರ್ಡಿಯ ಮೇಲೆ ಬಿದ್ದಿರುವಾಗ ಮಂದ್ರದ ಒಂದೇ ಪಂಚಮ ಹಿಡಿದು ಕೂತೆ. ಅಲ್ಲಿ ಗಂಡ ಹೆಂಡತಿ ಪರಸ್ಪರರಿಗಾಗಿ ಏನೇನು ಮಾಡಲು ಸಿದ್ಧರಿದ್ದಾರೆ ಎಂಬುದು ಮುಖಗಳಲ್ಲೇ ಇದೆ.

ಕಾಗದದ ಪರದೆಯ ದೃಶ್ಯ ನನಗೆ ಬಹಳ ಇಷ್ಟವಾದದ್ದು. ಗುಂಡು ತಗುಲಿದ ಟೋರಿ ಪರದೆಗೆ ಒರಗಿ ಕುಸಿಯುತ್ತಾನೆ. ಆಚೆ ನಿಂತ ಹಾರ್ಡಿಗೆ ಕಾಣುವುದು ನೆರಳು ಮತ್ತು ಕಾಗದದ ಮೇಲೆ ಇಳಿಯುವ ರಕ್ತ. ಪರದೆ ಹರಿದು ಒಳನುಗ್ಗುತ್ತಾನೆ. ಗುಂಡಿನ ಸದ್ದಿಗೆ ತಬಲಾದಿಂದ ‘ಢಂ’ ಎನ್ನಿಸಬೇಕೇ ಎಂಬ ಚರ್ಚೆ ನಡೆಯಿತು. ನಾಟಕದಲ್ಲಾದರೆ ಒಳಗಿನಿಂದ ಪಟಾಕಿಯನ್ನೇ ಹೊಡೆಯುತ್ತೇವೆ. ಇಲ್ಲಿ ಬೇಡ ಎಂದೆ. ಹೊಗೆ ಕಂಡರೆ ಸಾಕು. ಗುಂಡಿನ ನಂತರ ನಾಲ್ಕು ಸ್ವರಗಳನ್ನು ಮುಲ್ತಾನಿಯ ರೂಪದಲ್ಲಿ ತಂದೆ, ಏಕೆಂದರೆ ಟೋರಿ ಬೇಡವೆಂದ ಚೆಕ್ಕು ಆ ಮನೆಯಲ್ಲೇ ಉಳಿದಿದೆ ಮತ್ತು ಹಾರ್ಡಿಗೆ ಎಲ್ಲವೂ ಹೊಳೆಯುವುದು ಅದರಿಂದಲೇ. ಈ ಚಿತ್ರದಲ್ಲಿ ಗಂಡನಿಗೆ ಹೆಂಡತಿಯ ಸುದ್ದಿ ಮುಟ್ಟಿಸುವುದು ಬ್ಯಾಂಕಿನ ಕಾಗದ.

ನ್ಯಾಯಾಲಯದ ದೃಶ್ಯದಲ್ಲಿ ನನ್ನ ಮತ್ತು ಚಿತ್ರದ ದಾರಿ ಬೇರೆಯಾಯಿತು. ತೀರ್ಪು ಹಾರ್ಡಿಯ ವಿರುದ್ಧ ಬಂದ ಮೇಲೆ ಈಡಿತ್ ಮುಂದೆ ನುಗ್ಗಿ, ಹೆಗಲಿನ ಗುರುತು ತೋರಿಸುತ್ತಾಳೆ. ಸಭಿಕರೆಲ್ಲ ಎದ್ದು ಟೋರಿಯ ಮೇಲೆ ಬೀಳಲು ಹೋಗುತ್ತಾರೆ. ಹಳೆಯ ಪದ್ಧತಿಯ ಪ್ರಕಾರ ಇಲ್ಲಿ ಗಾಬರಿಯ ತುಣುಕಿನಿಂದ ಶುರುಮಾಡಿ ವಿಜಯಕ್ಕೆ ಏರಬೇಕು; ತೆರೆಯ ಮೇಲಿನ ಗುಂಪಿನ ಜೊತೆ ಮುಂದಿನ ಸಾಲಿನವರನ್ನೂ ಎಬ್ಬಿಸಬೇಕು. ಹಾಗೆ ಎಬ್ಬಿಸುವುದು ಪೇಟಿ ತಬಲಾಗೆ ಕಷ್ಟವೂ ಅಲ್ಲ. ಆದರೆ 1915ರ ಅಮೆರಿಕದಲ್ಲಿ ಗುಂಪು ಕಟ್ಟಿ ಕೊಲ್ಲುವುದು ಬರೀ ತೆರೆಯ ಮೇಲಿನ ಸಂಗತಿಯಾಗಿರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಲಿಯೊ ಫ್ರ್ಯಾಂಕ್ ಎಂಬ ಯಹೂದಿಯನ್ನು ಸೆರೆಮನೆಯಿಂದ ಎಳೆದೊಯ್ದು ಗುಂಪೊಂದು ಮರಕ್ಕೆ ನೇಣು ಹಾಕಿತ್ತು. ಕಪ್ಪು ಜನರ ಪಾಲಿಗೆ ಅದು ನಿತ್ಯದ ಭಯ. ಈ ಚಿತ್ರ ತೆರೆಗೆ ಬಂದದ್ದು ಡಿಸೆಂಬರಿನಲ್ಲಿ. ಟೋರಿ ಮಾಡಿದ್ದು ಹೇಯ ಕೃತ್ಯ, ಅದಕ್ಕೆ ಎರಡು ಮಾತಿಲ್ಲ. ಅವನಿಗೆ ಶಿಕ್ಷೆಯಾಗಲಿ ಎನ್ನುವುದು ಬೇರೆ, ಆ ಗುಂಪಿಗೆ ಹುರುಪು ತುಂಬುವುದು ಬೇರೆ.

ಹಾಗಾಗಿ ಗುಂಪು ವೇಗ ಹೆಚ್ಚಿಸಿದಂತೆ ನಾವು ಲಯ ಇಳಿಸಿದೆವು. ವಿಲಂಬಿತ ಏಕತಾಲದ ಠೇಕಾ, ಮಾತ್ರೆಯಿಂದ ಮಾತ್ರೆಗೆ ಉಸಿರು ಬಿಡುವಷ್ಟು ದೂರ. ಪೇಟಿಯಲ್ಲಿ ಷಡ್ಜ ಒಂದೇ. ಕಾಲಿನ ಒತ್ತಡದಿಂದ ಅದು ಉಬ್ಬುತ್ತ ಹೋಗುತ್ತದೆ, ಮೇಲೇರುವುದಿಲ್ಲ. ತೆರೆಯ ಮೇಲೆ ಕೈಗಳು ಎದ್ದಿವೆ, ಬಾಯಿಗಳು ತೆರೆದಿವೆ, ಜನ ಕುರ್ಚಿ ದಾಟಿ ಬರುತ್ತಿದ್ದಾರೆ, ಸಂಗೀತ ಮಾತ್ರ ಅವರ ಜೊತೆ ಹೋಗುತ್ತಿಲ್ಲ. ಅದುವರೆಗೆ ಚಪ್ಪಾಳೆ ಹೊಡೆಯುತ್ತಿದ್ದ ವಿದ್ಯಾರ್ಥಿಗಳು ಇಲ್ಲಿ ಹೊಡೆಯಲಿಲ್ಲ. ಒಬ್ಬ ಹುಡುಗ ಆಮೇಲೆ ಬಂದು, ಇಲ್ಲಿ ನೀವು ಮಜಾ ಕೆಡಿಸಿದಿರಿ ಸರ್ ಎಂದ. ಹೌದು ಎಂದೆ.

ಕೊನೆಯಲ್ಲಿ ಗಂಡ ಹೆಂಡತಿ ಕೈ ಕೈ ಹಿಡಿದು ನ್ಯಾಯಾಲಯದ ನಡುದಾರಿಯಲ್ಲಿ, ಎರಡೂ ಕಡೆ ನಿಂತು ಹರಸುವ ಜನರ ನಡುವೆ, ಮದುವೆ ಮುಗಿಸಿ ಚರ್ಚಿನಿಂದ ಹೊರಡುವವರ ಹಾಗೆ ನಡೆದು ಬರುತ್ತಾರೆ. ಅದಕ್ಕೆ ಖಮಾಜ್ ರಾಗದಲ್ಲಿ ಒಂದು ಹಗುರ ನುಡಿ ನುಡಿಸಿ ಮುಗಿಸಿದೆವು.

ಪ್ರದರ್ಶನದ ನಂತರದ ಮಾತುಕತೆಯಲ್ಲಿ ಹಿರಿಯರೊಬ್ಬರು, ಇದು ನಮ್ಮ ಮೃಚ್ಛಕಟಿಕವೇ ಅಲ್ಲವೇ ಎಂದರು. ಯೋಚಿಸಿದರೆ ಹತ್ತಿರವೇ ಇದೆ. ಚಾರುದತ್ತನ ಬಳಿ ವಸಂತಸೇನೆ ಇಟ್ಟ ಒಡವೆಗಳು ಕಳುವಾಗುತ್ತವೆ. ಬಡತನದಲ್ಲಿರುವ ಗಂಡನ ಮಾನ ಉಳಿಸಲು ಹೆಂಡತಿ ಧೂತೆ ತನ್ನ ರತ್ನಹಾರ ಕೊಡುತ್ತಾಳೆ. ಮಾಡದ ಕೊಲೆಯ ಆರೋಪ ಚಾರುದತ್ತನ ತಲೆಗೆ ಬರುತ್ತದೆ. ಕಡೆಯ ಗಳಿಗೆಯಲ್ಲಿ ಹೆಣ್ಣು ಎದುರು ಬಂದು ನಿಂತು ಅವನನ್ನು ಉಳಿಸುತ್ತಾಳೆ. ಅಲ್ಲಿಯೂ ಕಥೆ ಸಾಗುವುದು ಕೈಯಿಂದ ಕೈಗೆ ಹೋಗುವ ಒಡವೆಯ ಹಿಂದೆ. ಮೋಹನ್ ಭವನಾನಿ ನಿರ್ದೇಶನದಲ್ಲಿ 1931ರಲ್ಲಿ ಬಂದ ಮೂಕಿ ‘ವಸಂತಸೇನಾ’ ಇದೇ ನಾಟಕದ್ದು. ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ ಅದರಲ್ಲಿ ನಟಿಸಿದ್ದರು. ಕನ್ನಡ ನಾಡಿನ ಚಿತ್ರೋದ್ಯಮದ ಇತಿಹಾಸ ಹೇಳುವವರು ಅದನ್ನು ಮೊದಲ ಸಾಲಿನಲ್ಲೇ ನೆನೆಯುತ್ತಾರೆ. ಅದು ಕೈಗೆ ಸಿಗುವಂತಿದ್ದರೆ ಪೇಟಿ ಹೊತ್ತುಕೊಂಡು ಎಲ್ಲಿಗಾದರೂ ಹೋಗುತ್ತಿದ್ದೆ.

ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಪ್ರಶ್ನೆ ಇದಕ್ಕಿಂತ ಒಳ್ಳೆಯದಾಗಿತ್ತು. “ಗುಂಡಿನ ವಿಚಾರಣೆ ಆಯಿತು. ನಿಧಿಯ ಹಣ ತೆಗೆದದ್ದನ್ನು ಯಾರೂ ಕೇಳಲಿಲ್ಲವಲ್ಲ?” ಎಂದರು. ಆಮೇಲೆ ಬೆರಳು ಮಡಚಿ ಲೆಕ್ಕ ಹಾಕಿದರು. ರೆಡ್ ಕ್ರಾಸಿನ ಹಣ ಶೇರಿನಲ್ಲಿ ಮುಳುಗಿತು. ಬದಲಿಗೆ ಸೇರಿದ್ದು ಟೋರಿಯ ಚೆಕ್ಕು. ಹಾರ್ಡಿಯ ಚೆಕ್ಕನ್ನು ಟೋರಿ ತೆಗೆದುಕೊಳ್ಳಲೇ ಇಲ್ಲ. ಅಂದರೆ ಬೆಲ್ಜಿಯಂ ನಿರಾಶ್ರಿತರಿಗೆ ಕೊನೆಗೆ ಹಣ ಕೊಟ್ಟವನು ಆ ಖಳ, ಹಾರ್ಡಿ ದಂಪತಿಯ ಗಂಟು ಅವರಲ್ಲೇ ಉಳಿಯಿತು! ಸಭೆ ನಕ್ಕಿತು. ನಾನು ಹಾಳೆ ತೆಗೆದು ನೋಡಿದೆ. ನನ್ನ ನಾಲ್ಕು ಸ್ವರಗಳು ಕಾಗದದ ಪರದೆಯ ದೃಶ್ಯದಲ್ಲಿ ನಿಂತುಬಿಟ್ಟಿದ್ದವು. ನ್ಯಾಯಾಲಯದಲ್ಲಿ ಹಣದ ಮಾತೇ ಇಲ್ಲದ್ದರಿಂದ ಅಲ್ಲಿಗೆ ಅವು ಬೇಡ ಎಂದುಕೊಂಡಿದ್ದೆ.

ಮುಂದಿನ ಪ್ರದರ್ಶನಕ್ಕೆ ಕೊನೆಯ ನಡಿಗೆಯ ಖಮಾಜನ್ನು ಅರ್ಧಕ್ಕೆ ಇಳಿಸಿದ್ದೇನೆ. ದಂಪತಿ ಬಾಗಿಲ ಹತ್ತಿರ ಬರುವಾಗ ಎಡಗೈಯಲ್ಲಿ ನಿ ಸ ಗ ಮ ಬರುತ್ತದೆ, ಭೀಮಪಲಾಸಿಯದ್ದೇ, ಮಧ್ಯಮಕ್ಕೆ ಬಂದು ನಿಲ್ಲುತ್ತದೆ. ತಬಲಾದವರಿಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ. ಜನ ಎದ್ದು ಹೋಗುವಾಗ ಮೂರು ಸಲ ಮರಳಿಸಿ ಮುಗಿಸುವ ಒಂದು ಗಟ್ಟಿ ತಿಹಾಯಿ ಬೇಕು, ಇಲ್ಲದಿದ್ದರೆ ಮುಗಿದದ್ದೇ ಗೊತ್ತಾಗುವುದಿಲ್ಲ ಎನ್ನುತ್ತಾರೆ. ಗದಗಿಗೆ ಹೋಗುವ ಮೊದಲು ಇಬ್ಬರೂ ಕುಳಿತು ತೀರ್ಮಾನಿಸಬೇಕು.